ಚಳಿ ಇಲ್ಲದವನ ಕೋಟು

ನಮ್ಮೂರಲ್ಲಿ ಯಾರೂ ಯಾರಿಗೂ ಪುಕ್ಕಟೆಯಾಗಿ "ಹೋಗಿ ಬನ್ನಿ" ಅನ್ನುವುದಿಲ್ಲ. ಬೇರೆ ಊರುಗಳಲ್ಲಿ ಹೊರಟವರು ಹೊಸ್ತಿಲು ದಾಟುತ್ತ "ಹೋಗಿ ಬರ್ತೀನಿ" ಅಂದರೆ ಒಳಗಿದ್ದವರು ಒಗ್ಗರಣೆ ಸೌಟನ್ನೂ ಕೆಳಗಿಡದೆ "ಹೂಂ, ಹೋಗ್ಬನ್ನಿ" ಅಂದುಬಿಡುತ್ತಾರಂತೆ. ಕೇಳಿದರೆ ನನಗೆ ಹೊಟ್ಟೆ ಉರಿಯುತ್ತದೆ. ನಮ್ಮಲ್ಲಿ ಆ ಮಾತನ್ನು ಯಾರು ಆಡುತ್ತಾರೋ ಅವರ ಮೈಮೇಲೆ ಹೋದವರ ಊರಿನ ಹವೆಯೆಲ್ಲ ಬಂದು ಬೀಳುತ್ತದೆ. ಹೋದವರು ಮರಳಿ ಬಂದು ಹೊಸ್ತಿಲು ತುಳಿಯುವವರೆಗೆ ಬಿಡುವುದಿಲ್ಲ. ಹೋದವರಿಗೆ ಅಲ್ಲಿ ಬಿಸಿಲೂ ಇಲ್ಲ, ಮಳೆಯೂ ಇಲ್ಲ, ಆರಾಮ. ಪಕ್ಕದ ಪೇಟೆಗೆ ಮದುವೆಗೆ ಹೋದರೆ ಅಷ್ಟೇನೂ ತೊಂದರೆಯಿಲ್ಲ. ಅಲ್ಲಿ ಮಳೆ ಹನಿದರೆ ಇಲ್ಲಿ ನಡುಮನೆಯಲ್ಲಿ ಕೂತವರ ಸೆರಗು ಒದ್ದೆಯಾಗುತ್ತದೆ, ಅಷ್ಟೆ. ಬಿಸಿಲು ರಾಚುವ ಮಧ್ಯಾಹ್ನ ಬ್ಯಾಂಕಿನೊಳಗೆ ಒಬ್ಬ ಹೆಂಗಸು ಕೊಡೆ ಬಿಚ್ಚಿಕೊಂಡು ಸಾಲಿನಲ್ಲಿ ನಿಂತಿದ್ದರೆ ನಮ್ಮೂರಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಹೆಚ್ಚೆಂದರೆ "ಯಾರು ಹೋಗಿದಾರಮ್ಮ, ಯಾವ ಕಡೆ?" ಅಂತ ವಿಚಾರಿಸುತ್ತಾರೆ.

ಹೇಳದೆ ಇದ್ದರಾಯಿತಲ್ಲ ಅಂತ ನೀವು ಅನ್ನಬಹುದು. ಹಾಗೆ ಅನ್ನುವವರು ಮನೆಯಿಂದ ಯಾರನ್ನೂ ದೂರಕ್ಕೆ ಕಳಿಸಿಕೊಟ್ಟವರಲ್ಲ. ಹೊರಟು ನಿಂತವನ ಮುಖ ನೋಡಿಕೊಂಡು ಬರೀ "ಹೋಗು" ಅನ್ನಲು ಯಾರಿಗೆ ಬಾಯಿ ಬರುತ್ತದೆ? ಹೇಳಿಸಿಕೊಳ್ಳದೆ ಹೋದವನು ತಿರುಗಿ ಬರುವುದಿಲ್ಲ ಅಂತ ಬೇರೆ ನಂಬಿಕೆ. ಸುಣ್ಣದ ಬೀದಿಯ ಒಬ್ಬ ಹಾಗೆ ಹೋದವನು ಇವತ್ತಿಗೂ ಬಂದಿಲ್ಲ ಅಂತ ಎಲ್ಲರೂ ಉದಾಹರಣೆ ಕೊಡುತ್ತಾರೆ. ಅವನು ಹೋದದ್ದು ಪಕ್ಕದ ಮನೆಯವನ ಹೆಂಡತಿಯ ಜೊತೆ ಅನ್ನುವುದನ್ನು ಮಾತ್ರ ಯಾರೂ ಬಾಯಿ ಬಿಡುವುದಿಲ್ಲ. ಹಾಗಾಗಿ ಹೇಳುತ್ತಾರೆ. ಹೆಂಗಸರೇ ಹೇಳುತ್ತಾರೆ, ಯಾಕೆಂದರೆ ಗಂಡಸು ಹೊರಡುವ ಹೊತ್ತಿಗೆ ಬಾಗಿಲಲ್ಲಿ ನಿಂತಿರುವವರು ಅವರೇ.

ನಮ್ಮೂರಲ್ಲಿ ಬೆಳೆಯುವುದು ಎರಡೇ, ಹುಣಸೆ ಮತ್ತು ಮಿಲಿಟರಿ ಆಫೀಸರುಗಳು. ಹುಣಸೆಗೆ ಅಷ್ಟು ಗಿರಾಕಿಯಿಲ್ಲ. ಆಫೀಸರುಗಳಿಗೆ ಇದೆ. ಯಾವ ದೇಶದಲ್ಲಿ ಗಡಿ ಕಾಯಲು, ಜಗಳ ಬಿಡಿಸಲು ಜನ ಬೇಕಾದರೂ ನಮ್ಮೂರಿನವರನ್ನೇ ಕೇಳಿ ಕರೆಸಿಕೊಳ್ಳುತ್ತಾರೆ. ಹಿಮ ಸುರಿಯುವ ಬೆಟ್ಟದಲ್ಲಿ ಬರೀ ಬನಿಯನ್ನಿನಲ್ಲಿ ನಿಂತು ಹಲ್ಲುಜ್ಜುತ್ತಾರೆ, ಮರಳುಗಾಡಿನ ನಡುಮಧ್ಯಾಹ್ನ ಒಂದು ಹನಿ ಬೆವರದೆ ಕವಾಯತು ಮಾಡಿಸುತ್ತಾರೆ ಅಂತ ಅವರ ಕೀರ್ತಿ. ಎದೆಯ ಮೇಲೆ ಪದಕ, ಪೇಪರಿನಲ್ಲಿ ಫೋಟೋ, ಅದರ ಮೇಲೆ ಸರ್ಕಾರದಿಂದ ಉಡುಪು ಭತ್ಯೆ. ಹೊರದೇಶದಲ್ಲಿ ಸೇವೆ ಸಲ್ಲಿಸುವ ಅಧಿಕಾರಿಗೆ ಅಲ್ಲಿನ ಹವೆ ತಡೆಯಲು ಬಟ್ಟೆ ಬೇಕಲ್ಲ, ಅದಕ್ಕೆ. ಚಳಿ ದೇಶಕ್ಕೆ ಹೋದವನಿಗೆ ಉಣ್ಣೆಯ ಉದ್ದ ಕೋಟು, ಕೈಗವಸು, ಕಿವಿ ಮುಚ್ಚುವ ಟೋಪಿ. ಸೆಖೆ ದೇಶಕ್ಕೆ ಹೋದವನಿಗೆ ತೆಳು ಹತ್ತಿಯ ಅಂಗಿ. ಅವನಿಗೆ ಅಲ್ಲಿ ಚಳಿಯೂ ಆಗುವುದಿಲ್ಲ, ಸೆಖೆಯೂ ಆಗುವುದಿಲ್ಲ ಅನ್ನುವುದು ಭತ್ಯೆ ಕೊಡುವವರಿಗೂ ಗೊತ್ತು, ತೆಗೆದುಕೊಳ್ಳುವವರಿಗೂ ಗೊತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅಂತ ಗಾದೆ. ನಮ್ಮೂರಲ್ಲಿ ಎಮ್ಮೆಗೆ ಜ್ವರ, ಎತ್ತಿಗೆ ರೇಷ್ಮೆಯ ಜೂಲು.

ಇಷ್ಟು ಸಿಟ್ಟು ಯಾಕೆ ಅಂದರೆ ನಮ್ಮಣ್ಣ ಚಂದ್ರಹಾಸ ಮಿಲಿಟರಿಯಲ್ಲಿ ಮೇಜರ್. ಅವನ ಹೆಂಡತಿ ನಳಿನಾಕ್ಷಿ, ನನ್ನ ಅತ್ತಿಗೆ, ಬೋರ್ಡ್ ಬರೆಯುವವರು. ನಾನು ಹಾಲಿನ ಡೈರಿಯಲ್ಲಿ ಕೆಲಸ ಮಾಡಿಕೊಂಡು ಅತ್ತಿಗೆಯ ಜೊತೆಗೇ ಇದ್ದೇನೆ. ಹೋಟೆಲು, ಕ್ಷೌರದಂಗಡಿ, ಗೊಬ್ಬರದ ಅಂಗಡಿ, ಊರಿನ ಅರ್ಧ ಬೋರ್ಡುಗಳು ಅತ್ತಿಗೆಯ ಕೈಯವೇ. ಅವರ ತಂದೆ ಕಲಿಸಿದ ವಿದ್ಯೆ. ಅಳತೆಕೋಲು ಇಡದೆ, ಪೆನ್ಸಿಲ್ ಗೀಟು ಹಾಕದೆ, ಬ್ರಷ್ಷನ್ನು ಹಾಗೇ ಊರಿ ಎಳೆಯುತ್ತಿದ್ದರು. ಅವರು ಬರೆದ "ಠ" ನೋಡಿದರೆ ಎತ್ತಿ ಮಡಿಲಲ್ಲಿ ಕೂರಿಸಿಕೊಳ್ಳಬೇಕು ಅನ್ನಿಸುತ್ತಿತ್ತು, ಅಷ್ಟು ಗುಂಡಗೆ, ಅಷ್ಟು ಮುದ್ದಾಗಿ ಇರುತ್ತಿತ್ತು.

ಮದುವೆಯಾದ ಹೊಸತರಲ್ಲಿ ಅಣ್ಣ ಹಿಮದ ದೇಶಕ್ಕೆ ಹೊರಟ. ಅತ್ತಿಗೆ ಆಗ ಬಲು ಮೈಚಳಿಯ ಹುಡುಗಿ, ನಾಲ್ಕು ಜನರೆದುರು ಬಾಯಿ ಬಿಡುತ್ತಿರಲಿಲ್ಲ. ಬಾಗಿಲ ಹಿಂದೆ ನಿಂತು ನಾಚಿಕೊಂಡೇ "ಹೋಗ್ಬನ್ನಿ" ಅಂದರು. ಅವನು ಆ ದೇಶದಲ್ಲಿ ವಿಮಾನ ಇಳಿದ ಗಳಿಗೆಗೆ ಇವರು ಇಲ್ಲಿ ಅನ್ನ ಕಲಸುತ್ತ ಕೂತಿದ್ದವರು ಹಲ್ಲು ಕಟಕಟಿಸಲು ಶುರುಮಾಡಿದರು. ಹೊರಗೆ ಕಲ್ಲು ಸಿಡಿಯುವ ಬಿಸಿಲು. ಇವರು ಕೌದಿಯ ಮೇಲೆ ಕೌದಿ ಹೊದ್ದು, ಅದರ ಮೇಲೆ ಗೋಣಿತಾಟು ಹಾಕಿಕೊಂಡು ನೀರೊಲೆಯ ಮುಂದೆ ಮುದುರಿಕೊಂಡರು. ಅವತ್ತಿನಿಂದ ಅಣ್ಣ ರಜೆಗೆ ಬಂದಾಗ ಬಿಟ್ಟರೆ ಅವರ ಸಂಸಾರ ನೀರೊಲೆಯ ಜೊತೆಗೇ ಆಯಿತು.

ಹೊಂದಿಕೊಂಡರು, ಮತ್ತೇನು ಮಾಡುತ್ತಾರೆ? ಪಕ್ಕದ ಮನೆಯ ಜೈಬುನ್ನಿಸಾ ಆಪಾಗೆ ತದ್ವಿರುದ್ಧ ಪಾಡು. ಅವರ ಮಗ ಕ್ಯಾಪ್ಟನ್ ಮರಳುಗಾಡಿನ ದೇಶದಲ್ಲಿದ್ದಾನೆ. ಆಪಾ ಸೀರೆಯಲ್ಲೇ ಹಿತ್ತಿಲ ಸಿಮೆಂಟಿನ ತೊಟ್ಟಿಯೊಳಗೆ ಕುತ್ತಿಗೆವರೆಗೆ ಮುಳುಗಿ ಕೂತು ಅಲ್ಲಿಂದಲೇ ಸೊಪ್ಪು ಬಿಡಿಸುತ್ತಾರೆ, ಅಲ್ಲಿಂದಲೇ ಬೀದಿಯ ಸುದ್ದಿ ವಿಚಾರಿಸುತ್ತಾರೆ. ತಡೆಯಲಾಗದ ದಿನ ಅತ್ತಿಗೆಯೂ ಆಪಾನೂ ನಮ್ಮ ಜಗುಲಿಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ಕೂರುತ್ತಿದ್ದರು. ಇಬ್ಬರಿಗೂ ಒಂದಿಷ್ಟು ಹಿತವಾಗುತ್ತಿತ್ತು. ಉಳಿದ ನೆರೆಯವರದು ಬೇರೆಯೇ ಪ್ರೀತಿ. ಬೇಸಿಗೆ ಬಂದರೆ ಮಜ್ಜಿಗೆಯ ಚೊಂಬು ತಂದು ಅತ್ತಿಗೆಯ ಮಡಿಲಲ್ಲಿಟ್ಟು "ಸ್ವಲ್ಪ ಹೊತ್ತು ಇರ್ಲಿ ಕಣಮ್ಮ, ತಣ್ಣಗಾಗ್ಲಿ" ಅನ್ನುತ್ತಿದ್ದರು. ನಾನು ಅಂಥ ಎಷ್ಟೋ ಚೊಂಬುಗಳನ್ನು ಬೀದಿಗೆ ಚೆಲ್ಲಿದ್ದೇನೆ. ಅತ್ತಿಗೆ ಮಾತ್ರ "ಇರ್ಲಿ ಬಿಡೇ, ಯಾರಿಗಾದ್ರೂ ಉಪಯೋಗ ಆಯ್ತಲ್ಲ" ಅನ್ನುತ್ತಿದ್ದರು.

ಕೈ ನಡುಗಲು ಶುರುವಾದ ಮೇಲೆ ಅವರೂ ಹಾಗನ್ನುವುದನ್ನು ಬಿಟ್ಟರು. ಊರಿನ ಬೋರ್ಡುಗಳನ್ನು ನೋಡಿದರೇ ಗೊತ್ತಾಗುತ್ತಿತ್ತು. ಅಣ್ಣ ರಜೆಯಲ್ಲಿದ್ದಾಗ ಬರೆದದ್ದು ದುಂಡಗೆ. ಅವನು ಹೋದ ಮೇಲೆ ಬರೆದದ್ದರಲ್ಲಿ ಅಕ್ಷರಗಳೆಲ್ಲ ಜ್ವರ ಬಂದಂತೆ ಅದುರುತ್ತಿದ್ದವು. ಕ್ಷೌರದ ಮುನಿವೆಂಕಟ ಒಂದು ದಿನ ತಲೆ ಕೆರೆದುಕೊಂಡು ಬಂದ. "ಅಕ್ಕಾ, ಬೇಜಾರ್ ಮಾಡ್ಕೋಬೇಡಿ. ನಡುಗೋ ಬೋರ್ಡ್ ನೋಡಿದ್ರೆ ಒಳಗೆ ಕತ್ತಿ ಹಿಡಿದೋನ ಕೈನೂ ನಡುಗುತ್ತೆ ಅಂದ್ಕೋತಾರೆ ಜನ. ಗಡ್ಡ ಬೋಳಿಸ್ಕೊಳ್ಳೋಕೆ ಯಾರೂ ಬರ್ತಿಲ್ಲ." ನಮಗೆ ನಗು ಬಂತು, ನಕ್ಕೆವು. ಅವನು ಹೋದ ಮೇಲೆ ಅತ್ತಿಗೆ ಬ್ರಷ್ಷುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ ಒಳಗಿಟ್ಟರು. ಆಮೇಲೆ ನೀರೊಲೆಯ ಮುಂದೆ ಕೂತು ತುಂಬ ಹೊತ್ತು ಕೈ ನೋಡಿಕೊಂಡರು. ಬಲಗೈಯ ಬೆರಳ ತುದಿಗಳು ಮೊದಲು ಬೆಳ್ಳಗೆ, ಆಮೇಲೆ ನೇರಳೆ ಬಣ್ಣಕ್ಕೆ ತಿರುಗಿದ್ದವು. ಚುಚ್ಚಿದರೂ ತಿಳಿಯುತ್ತಿರಲಿಲ್ಲ.

ಸರ್ಕಾರಿ ಆಸ್ಪತ್ರೆಯ ಡಾಕ್ಟರು ನೋಡಿ ಗಾಬರಿಯಾದರು. "ಇದು ಹಿಮ ಕಡಿದಿರೋದು. ನಾನು ಪುಸ್ತಕದಲ್ಲಿ ಬಿಟ್ರೆ ನೋಡಿರಲಿಲ್ಲ. ದಪ್ಪ ಉಣ್ಣೆ ಕೋಟು, ಕೈಗವಸು ಹಾಕ್ಕೊಳ್ಳದೆ ಇನ್ನೊಂದು ಚಳಿಗಾಲ ಕಳೆದ್ರೆ ಬೆರಳು ತೆಗೀಬೇಕಾಗುತ್ತಮ್ಮ" ಅಂದರು. ಬ್ರಷ್ ಹಿಡಿಯುವ ಮೂರೂ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ತೋರಿಸಿದರು. ಕೋಟು ಹಾಕಿಕೊಳ್ಳಿ ಅನ್ನುವುದು ಸುಲಭ. ನಮ್ಮೂರಲ್ಲಿ ಉಣ್ಣೆ ಎಲ್ಲಿ ಸಿಗುತ್ತದೆ? ಕುರುಬರ ಹಟ್ಟಿಯಲ್ಲಿ ಉಣ್ಣೆ ಕತ್ತರಿಸಿದ ದಿನವೇ ಉಡುಪು ಭತ್ಯೆ ಕಚೇರಿಯ ಲಾರಿ ಬಂದು ಅಷ್ಟನ್ನೂ ತುಂಬಿಕೊಂಡು ಹೋಗುತ್ತದೆ. ಉಣ್ಣೆ ಸರ್ಕಾರಿ ಮಾಲು. ಹೊರದೇಶದಲ್ಲಿರುವ ಅಧಿಕಾರಿಗಳಿಗೆ ಬಿಟ್ಟು ಬೇರೆಯವರಿಗೆ ಒಂದು ಎಳೆ ಮಾರಿದರೂ ತಪ್ಪು.

ಅತ್ತಿಗೆ ಅಣ್ಣನಿಗೆ ಬರೆದರು. ಅವನಿಂದ ಉತ್ತರ ಬಂತು. ಕೋಟು ಸಮವಸ್ತ್ರದ ಭಾಗ, ಮನೆಗೆ ಕಳಿಸುವ ಹಾಗಿಲ್ಲ. ಶುಂಠಿ ಬೆಲ್ಲದ ಕಷಾಯ ಕುಡಿ, ಸರಿಹೋಗುತ್ತೆ. ಇಲ್ಲಿ ಬೆಟ್ಟ ತುಂಬ ಚೆನ್ನಾಗಿದೆ. ಅದನ್ನು ಓದಿದ ದಿನ ನಾನು ಬೀದಿಗೆ ಕೇಳುವ ಹಾಗೆ ಬೈದೆ. "ಬರ್ಲಿ ಈ ಸಲ, ಅವನಿಗೆ ಚಳಿ ಬಿಡಿಸ್ತೀನಿ" ಅಂದೆ. ತೊಟ್ಟಿಯೊಳಗಿದ್ದ ಜೈಬುನ್ನಿಸಾ ಆಪಾ ಗೋಡೆಯಾಚೆಯಿಂದ, "ಅವನಿಗೆಲ್ಲಿದೆಯಮ್ಮ ಚಳಿ, ನೀನು ಬಿಡಿಸೋಕೆ?" ಅಂದರು. ಅದೂ ಸರಿಯೇ.

ಕೊನೆಗೆ ನಾನೂ ಅತ್ತಿಗೆಯೂ ಹುಣಸೆ ಮಂಡಿಯ ಪಕ್ಕದ ಉಡುಪು ಭತ್ಯೆ ಕಚೇರಿಗೆ ಹೋದೆವು. ಅಲ್ಲಿನ ಅಧಿಕಾರಿ ಸೋಮನಾಥಯ್ಯ ಕೆಟ್ಟವರಲ್ಲ. ಮಾತು ಬಲು ಮೃದು. ಅಂಥವರನ್ನು ಕಂಡರೇ ನನಗೆ ಇನ್ನೂ ಸಿಟ್ಟು ಬರುವುದು. ಅತ್ತಿಗೆ ಎದುರಿನ ಕುರ್ಚಿಯಲ್ಲಿ ಕೂತು ಕೌದಿಯೊಳಗಿಂದ ಕೈ ಹೊರಗೆ ತೆಗೆದು ತೋರಿಸಿದರು.

"ಅಯ್ಯೋ ಪಾಪ" ಅಂದರು ಸೋಮನಾಥಯ್ಯ. "ಆದ್ರೆ ಅಮ್ಮಾ, ಭತ್ಯೆ ಇರೋದು ಹೊರದೇಶದಲ್ಲಿರೋರಿಗೆ. ನೀವು ಹೊರದೇಶದಲ್ಲಿದ್ದೀರಾ?"

"ಇಲ್ಲ ಸಾರ್, ಇಲ್ಲೇ ಇದ್ದೀನಿ. ಚಳಿ ಅಲ್ಲಿಂದ ಬಂದಿದೆ."

"ಚಳಿ ಎಲ್ಲಿಂದಾದ್ರೂ ಬರ್ಲಿ, ನೀವಿರೋದು ಇಲ್ಲೇ ಅಲ್ವಾ? ಈ ಊರಿನ ಹವೆಗೆ ಉಣ್ಣೆ ಬೇಕಿಲ್ಲ ಅಂತ ನಿಯಮದಲ್ಲೇ ಇದೆ."

ನನಗೆ ತಡೆಯಲಾಗಲಿಲ್ಲ. "ಹಾಗಾದ್ರೆ ಅಲ್ಲಿರೋ ನಮ್ಮಣ್ಣಂಗೆ ಚಳಿ ಆಗುತ್ತಾ ಸಾರ್? ನೀವೇ ಹೇಳಿ."

"ಅವರಿಗೆ ಆಗುತ್ತೋ ಬಿಡುತ್ತೋ ನಿಯಮ ಕೇಳೋದಿಲ್ಲಮ್ಮ. ಆ ದೇಶದಲ್ಲಿ ಚಳಿ ಇದೆಯಾ ಅಂತ ಮಾತ್ರ ಕೇಳುತ್ತೆ. ಇದೆ. ಅದಕ್ಕೆ ಕೊಡ್ತೀವಿ."

ಹೀಗೆ ಹೇಳುತ್ತ ಅವರು ತಮ್ಮ ಫ್ಯಾನ್ ಆರಿಸಿದರು. ಕುರ್ಚಿಯನ್ನು ಮೆಲ್ಲಗೆ ಅತ್ತಿಗೆಯ ಕಡೆಗೆ ಎಳೆದುಕೊಂಡು ಕಾಲರಿನ ಗುಂಡಿ ಬಿಚ್ಚಿದರು. ಅವತ್ತು ಸೆಖೆ ವಿಪರೀತ ಇತ್ತು. ಅತ್ತಿಗೆಯ ಮೈಯಿಂದ ಬರುವ ತಂಪಿಗೆ ಆ ಮನುಷ್ಯ ಅರೆಗಣ್ಣು ಮುಚ್ಚಿಕೊಂಡದ್ದನ್ನು ನಾನು ನನ್ನ ಕಣ್ಣಾರೆ ಕಂಡೆ. ನಾವು ಏಳಲು ಹೋದರೆ "ಕೂತ್ಕೊಳ್ಳಿ, ಕೂತ್ಕೊಳ್ಳಿ, ಅವಸರ ಏನು? ಕಾಫಿ ತರಿಸ್ತೀನಿ" ಅಂದರು. ಕಾಫಿ ಬರುವಷ್ಟರಲ್ಲಿ ಒಂದು ಉಪಾಯವನ್ನೂ ಹೇಳಿದರು. "ನಿಮಗೆ ಅಷ್ಟು ಕಷ್ಟ ಆದ್ರೆ ಮುಂದಿನ ಸಲ ಆ ಮಾತು ಬೇರೆ ಯಾರ ಕೈಲಾದ್ರೂ ಹೇಳಿಸಿಬಿಡಿ. ಪಾತ್ರೆ ತೊಳೆಯೋರು, ಬಟ್ಟೆ ಒಗೆಯೋರು ಮನೇಲಿ ಇರ್ತಾರಲ್ಲ. ಅದಕ್ಕೆ ನಿಯಮದಲ್ಲಿ ಅಡ್ಡಿ ಇಲ್ಲ."

ಅತ್ತಿಗೆ ಎದ್ದು ನಿಂತರು. ಕಾಫಿ ಮುಟ್ಟಲಿಲ್ಲ. ದಾರಿಯುದ್ದಕ್ಕೂ ಅವರು ಆಡಿದ್ದು ಒಂದೇ ಮಾತು. "ನಿಮ್ಮಣ್ಣ ಬರ್ಲಿ. ಬಂದಾಗ ಆ ಕೋಟನ್ನ ನಾನು ತಿರುಗಿ ಕೊಡೋದಿಲ್ಲ. ಏನಾದ್ರೂ ಆಗ್ಲಿ, ಅದು ನಂಗಿರ್ಲಿ."

ಅಣ್ಣ ರಜೆಗೆ ಬಂದ. ಬಸ್ ನಿಲ್ದಾಣದಲ್ಲಿ ಅವನಿಗೆ ಹಾರ ಹಾಕಿದರು, ಬ್ಯಾಂಡು ಊದಿದರು. ಆ ಬಿಸಿಲಿನಲ್ಲಿ ಮೊಳಕಾಲು ಮುಚ್ಚುವ ಕೋಟು ಹಾಕಿಕೊಂಡು ಫೋಟೋಕ್ಕೆ ನಿಂತ. ಮುಖದಲ್ಲಿ ಬೆವರಿನ ಹನಿಯಿಲ್ಲ. ಮನೆಗೆ ಬಂದು ಹೊಸ್ತಿಲೊಳಗೆ ಕಾಲಿಟ್ಟ ಕೂಡಲೇ ಅತ್ತಿಗೆಯ ಮೈಯಿಂದ ಚಳಿ ಸರ್ರನೆ ಇಳಿಯಿತು. ಕೌದಿಗಳು ಜಾರಿ ಬಿದ್ದವು. ಅಣ್ಣನಿಗೆ ಒಮ್ಮೆಲೇ ಬೆವರು ಹರಿಯಿತು. "ಅಬ್ಬಾ, ಏನು ಸೆಖೆ" ಅಂತ ಕೋಟು ಕಳಚಿ ಕುರ್ಚಿಯ ಮೇಲೆ ಎಸೆದ. ಅತ್ತಿಗೆ ಗಂಡನಿಗೆ ನೀರು ಕೊಡುವುದನ್ನೂ ಮರೆತು ಮೊದಲು ಆ ಕೋಟನ್ನೇ ಎತ್ತಿಕೊಂಡರು. ಎತ್ತಿಕೊಂಡವರು ಅಲ್ಲೇ ನಿಂತುಬಿಟ್ಟರು. ಹಗುರವಾಗಿತ್ತು. ಮದುವೆಮನೆಯ ಶಾಲಿನಷ್ಟೂ ಭಾರವಿರಲಿಲ್ಲ. ಅಂಚು ಹಿಡಿದು ಬೆರಳಲ್ಲಿ ಉಜ್ಜಿದರು, ಒಳಗೆ ಕೈ ಹಾಕಿ ತಡಕಿದರು. ಹೊರಗೆ ಹಿತ್ತಾಳೆಯ ಗುಂಡಿ, ಭುಜದ ಮೇಲೆ ಪಟ್ಟಿ, ಕಂದುಬಣ್ಣದ ಹೊದಿಕೆ. ಒಳಗೆ ಒಂದು ತೆಳು ಅಸ್ತರಿ ಬಿಟ್ಟರೆ ಬರೀ ಗಾಳಿ. ಮೇಲೆ ಥಳಕು, ಒಳಗೆ ಹುಳುಕು ಅನ್ನೋಣವೆಂದರೆ ಅದರಲ್ಲಿ ಹುಳುಕೂ ಇರಲಿಲ್ಲ.

"ಉಣ್ಣೆ ಎಲ್ರೀ?" ಅಂದರು ಅತ್ತಿಗೆ.

"ಉಣ್ಣೆ ಇಟ್ಟು ಹೊಲಿದ್ರೆ ಭಾರ ಆಗುತ್ತೆ ಕಣೇ. ಎಲ್ಲರೂ ಟೈಲರ್ ಹತ್ರ ತೆಗೆಸಿಬಿಡ್ತೀವಿ. ನೋಡೋಕೆ ಒಂದೇ ಥರ ಇದ್ರೆ ಸಾಕು, ಅಲ್ಲಿ ಯಾರಿಗೆ ಚಳಿ ಆಗುತ್ತೆ?"

"ತೆಗೆಸಿದ ಉಣ್ಣೆ?"

"ಮೆಸ್ಸಿನ ಸೋಫಾಗಳಿಗೆ ತುಂಬಿಸಿದ್ದಾರೆ. ಏನ್ ಮೆತ್ತಗಿದೆ ಗೊತ್ತಾ! ಕೂತ್ರೆ ಏಳೋಕೇ ಮನಸ್ಸಾಗಲ್ಲ" ಅಂತ ನಕ್ಕ.

ನಾನು ಅಲ್ಲೇ ಇದ್ದೆ. ನನ್ನ ಒಡಹುಟ್ಟಿದವನು, ನನಗೆ ಸೈಕಲ್ ಕಲಿಸಿದವನು, ಬಿದ್ದಾಗ ಮಂಡಿಗೆ ಅರಿಶಿನ ಹಚ್ಚಿದವನು, ನಗುತ್ತ ಹೇಳುತ್ತಿದ್ದ. ಅತ್ತಿಗೆಯ ಬೆರಳು ಸಾಯುತ್ತಿದ್ದಾಗ ಆ ಉಣ್ಣೆ ಇವರ ಅಂಡಿನ ಕೆಳಗೆ ಬೆಚ್ಚಗಿತ್ತು. ನಾನು ಅತ್ತಿಗೆಯ ಕೈ ಹಿಡಿದೆಳೆದು ಅವನ ಕಣ್ಣೆದುರು ಹಿಡಿದೆ. "ನೋಡು ಇದನ್ನ" ಅಂದೆ. ಅವನು ನೋಡಿದ. ಮುಖ ಚಿಕ್ಕದಾಯಿತು, ಅದನ್ನು ಇಲ್ಲವೆನ್ನಲಾರೆ. "ಛೆ ಛೆ, ಇಷ್ಟಾಗಿದೆಯಾ? ಎಣ್ಣೆ ಹಚ್ಚು" ಅಂದ. ಆಮೇಲೆ ಊಟಕ್ಕೆ ಏನು ಮಾಡಿದ್ದೀರಿ ಅಂತ ಕೇಳಿದ.

ಅವನಿದ್ದಷ್ಟು ದಿನ ಅತ್ತಿಗೆ ಜಗಳವಾಡಲಿಲ್ಲ. ಹೋಳಿಗೆ ಮಾಡಿಹಾಕಿದರು, ತಲೆಗೆ ಎಣ್ಣೆ ತಟ್ಟಿದರು. ಮಿಕ್ಕ ಹೊತ್ತು ಬೋರ್ಡ್ ಬರೆದರು. ಬೆರಳಿಗೆ ನಿಧಾನವಾಗಿ ರಕ್ತ ಬರುತ್ತಿತ್ತು. ಮುನಿವೆಂಕಟನ ಬೋರ್ಡನ್ನು ಇಳಿಸಿ ತರಿಸಿ, ಹಳೆಯ ಬಣ್ಣ ಕೆರೆದು, ಮೊದಲಿಂದ ಬರೆದುಕೊಟ್ಟರು. ನಡುವೆ ಒಮ್ಮೊಮ್ಮೆ ಬ್ರಷ್ ಹಿಡಿದುಕೊಂಡೇ ಏನೋ ಯೋಚಿಸುತ್ತ ಕೂರುತ್ತಿದ್ದರು. ಅವರಿಗೆ ಗಂಡನ ಮೇಲೆ ಪ್ರೀತಿ ಇತ್ತು. ಇಲ್ಲದಿದ್ದರೆ ಇದು ಇಷ್ಟು ಕಷ್ಟದ ವಿಷಯವೇ ಆಗುತ್ತಿರಲಿಲ್ಲ.

ರಜೆ ಮುಗಿಯಿತು. ಬೆಳಿಗ್ಗೆ ಜೀಪು ಬಂದು ಗೇಟಿನ ಮುಂದೆ ನಿಂತಿತು. ಅಣ್ಣ ಕೋಟು ಹಾಕಿಕೊಂಡು, ಟೋಪಿ ಸರಿಮಾಡಿಕೊಂಡು ಹೊಸ್ತಿಲಾಚೆ ನಿಂತ. ಅತ್ತಿಗೆ ಈಚೆ. ನಾನು ಪಕ್ಕದಲ್ಲಿ. ಪಾತ್ರೆ ತೊಳೆಯುವ ದೇವೀರಮ್ಮ ಅಂಗಳದ ನಲ್ಲಿಯ ಹತ್ತಿರ ತಿಕ್ಕುತ್ತಿದ್ದವಳು ಗೌರವಕ್ಕೆಂದು ಎದ್ದು ನಿಂತಿದ್ದಳು.

"ಹೋಗಿ ಬರ್ತೀನಿ ನಳಿನಾ" ಅಂದ ಅಣ್ಣ.

ಅತ್ತಿಗೆಗೆ ಕೇಳಿಸಲಿಲ್ಲವೇನೋ ಅಂದುಕೊಂಡು ಅವನು ಮತ್ತೆ ಹೇಳಿದ. ಡ್ರೈವರು ಹಾರನ್ ಮಾಡಿದ.

"ಹೇಳೇ, ಹೊತ್ತಾಯ್ತು."

"ನನ್ನ ಕೈಲಾಗಲ್ಲ ರೀ" ಅಂದರು ಅತ್ತಿಗೆ. "ಈ ಸಲ ಹೇಳಿದ್ರೆ ನನ್ನ ಬೆರಳು ಹೋಗುತ್ತೆ."

"ಬೆರಳು ಬೆರಳು ಅಂತ ಶುರು ಮಾಡಿದ್ಯಾ, ನಾನು ಹೊರಡೋ ಹೊತ್ತಲ್ಲಿ? ನಾನೇನು ಮಜಾ ಮಾಡೋಕೆ ಹೋಗ್ತಿದ್ದೀನಾ? ಹೇಳಿಸಿಕೊಳ್ಳದೆ ಹೋದ್ರೆ ಏನಾಗುತ್ತೆ ಅಂತ ಗೊತ್ತಲ್ವಾ ನಿಂಗೆ?" ಅವನ ದನಿಯಲ್ಲಿ ಹೆದರಿಕೆ ಇತ್ತು. ಗುಂಡಿಗೆ ಹೆದರದವನು ಇದಕ್ಕೆ ಹೆದರಿದ್ದ. ನನ್ನ ಕಡೆ ತಿರುಗಿದ. "ಭಾನು, ನೀನಾದ್ರೂ ಹೇಳು. ತಂಗಿ ಅಲ್ವಾ?"

ಚಿಕ್ಕಂದಿನಿಂದ ಅವನು ಕೇಳಿದ್ದನ್ನು ಇಲ್ಲ ಅಂದವಳಲ್ಲ ನಾನು. ಮಾತು ನಾಲಿಗೆಯ ತುದಿಗೆ ಬಂತು. ಅತ್ತಿಗೆ ನನ್ನ ಮುಂಗೈ ಬಿಗಿಯಾಗಿ ಹಿಡಿದರು. ನಾನು ತುಟಿ ಕಚ್ಚಿಕೊಂಡು ತಲೆ ಅಲ್ಲಾಡಿಸಿದೆ.

ಆಗ ಅವನು ಮಾಡಿದ್ದನ್ನು ನೆನೆಸಿಕೊಂಡರೆ ಈಗಲೂ ನನ್ನ ಮೈ ಉರಿಯುತ್ತದೆ. ನಲ್ಲಿಯ ಕಡೆ ನೋಡಿ, "ದೇವೀರಮ್ಮ, ನೀನು ಹೇಳಮ್ಮ. ಹಳೇ ಶಾಲೊಂದು ಕೊಡಿಸ್ತೀನಿ" ಅಂದ. ಆ ಕಚೇರಿಯವರು ಹೇಳಿದ ಉಪಾಯವೇ ಇವನಿಗೂ ಹೊಳೆದಿತ್ತು, ಇವರೆಲ್ಲರ ತಲೆ ಒಂದೇ ಅಚ್ಚಿನದು. ದೇವೀರಮ್ಮ ಅರವತ್ತು ದಾಟಿದವಳು, ದಿನವಿಡೀ ನೀರಲ್ಲಿ ಕೈಯಿಟ್ಟು ಕೆಮ್ಮುವವಳು. ದೊಡ್ಡವರು ಕೇಳಿದರೆ ಇಲ್ಲ ಅನ್ನುವುದು ಅವಳಿಗೆ ಗೊತ್ತಿಲ್ಲ. ಸೆರಗಿನಲ್ಲಿ ಕೈ ಒರೆಸಿಕೊಂಡು, "ಅದಕ್ಕೇನು ಬುದ್ಧಿ, ಹೋ…" ಅಂತ ಬಾಯಿ ತೆರೆದೇಬಿಟ್ಟಳು.

ಅತ್ತಿಗೆ ಅಂಗಳಕ್ಕೆ ಹಾರಿ ಅವಳ ಬಾಯಿಯ ಮೇಲೆ ಕೈಯಿಟ್ಟರು. ಮದುವೆಯಾಗಿ ಬಂದಾಗಿನಿಂದ ಅವರು ಓಡಿದ್ದನ್ನು ನಾನು ನೋಡಿರಲಿಲ್ಲ. "ನೀನು ಒಳಗೆ ಹೋಗು ದೇವೀರಮ್ಮ" ಅಂದರು. ಆಮೇಲೆ ಗಂಡನ ಕಡೆ ತಿರುಗಿದರು. ಬೀದಿಯಲ್ಲಿ ಜನ ಸೇರಿದ್ದರು, ಡ್ರೈವರು ನೋಡುತ್ತಿದ್ದ, ಆಪಾ ತೊಟ್ಟಿಯಿಂದೆದ್ದು ಗೋಡೆಯ ಮೇಲೆ ಗದ್ದವೂರಿ ನಿಂತಿದ್ದರು. ಇದ್ದ ಮೈಚಳಿಯನ್ನೆಲ್ಲ ಬಿಟ್ಟು ಅತ್ತಿಗೆ ಎಲ್ಲರಿಗೂ ಕೇಳುವ ಹಾಗೆ ಹೇಳಿದರು. "ಹೇಳಿಸಿಕೊಳ್ಳದೆ ಹೋಗಬೇಡಿ. ನಂಗೂ ಹೆದರಿಕೆ ಇದೆ. ಆದ್ರೆ ಈ ಸಲ ನೀವೇ ಹೇಳ್ಕೊಳ್ಳಿ."

"ಏನಂದೆ?"

"ಹೋಗಿ ಬಾ ಅಂತ ನಿಮಗೆ ನೀವೇ ಹೇಳ್ಕೊಳ್ಳಿ. ಹೇಳಿ ಹೊರಡಿ."

ಅಣ್ಣ ನಕ್ಕ. ಯಾರೂ ನಗಲಿಲ್ಲ. ಡ್ರೈವರು ಮತ್ತೆ ಹಾರನ್ ಮಾಡಿದ. ಮುಖ ಕೆಂಪಗೆ ಮಾಡಿಕೊಂಡು, ನಮ್ಮಿಬ್ಬರನ್ನೂ ನೋಡದೆ, ತನ್ನ ಬೂಟಿನ ಕಡೆ ನೋಡಿಕೊಂಡು ಅವನು ಗೊಣಗಿದ. "ಹೋಗಿ ಬರ್ತೀನಿ. ಹೂಂ, ಹೋಗ್ಬಾ." ಜೀಪು ಹೊರಟಿತು.

ಅತ್ತಿಗೆ ಬಾಗಿಲು ಹಾಕಿಕೊಂಡು ನಡುಮನೆಯಲ್ಲಿ ಕೂತರು. ಕೌದಿಗಳನ್ನು ಪಕ್ಕದಲ್ಲೇ ಇಟ್ಟುಕೊಂಡಿದ್ದರು. ಅವನ ವಿಮಾನ ಇಳಿಯುವ ಹೊತ್ತು ಬಂತು, ಕಳೆಯಿತು. ಚಳಿ ಬರಲಿಲ್ಲ. ನಮ್ಮೂರಿನ ಸೆಖೆಯೇ ಇತ್ತು, ಅವರ ಮೂಗಿನ ಮೇಲೆ ಬೆವರು ಮೂಡಿತು. ಅದನ್ನು ಒರೆಸಿಕೊಳ್ಳುತ್ತ ಅತ್ತುಬಿಟ್ಟರು. "ನಾನು ಕೆಟ್ಟವಳಾ ಭಾನು?" ಅಂದರು. "ಅಲ್ಲ" ಅಂದೆ. ಎಷ್ಟು ಸಲ ಅಂದರೂ ಅವರಿಗೆ ಸಾಲಲಿಲ್ಲ. ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಊರಿನಲ್ಲೂ ಎರಡು ಮಾತಾಯಿತು. ಗಂಡನನ್ನು ಹಾಗೆ ಕಳಿಸುವುದುಂಟೇ ಅಂದವರೇ ಜಾಸ್ತಿ, ಅದರಲ್ಲೂ ಮಜ್ಜಿಗೆ ಚೊಂಬಿನವರು. ಆಪಾ ಮಾತ್ರ ಏನೂ ಅನ್ನಲಿಲ್ಲ. ಆ ವಾರವೇ ಎರಡು ದಿನದ ರಜೆಗೆ ಬಂದು ಹೊರಟ ಮಗನಿಗೆ ಅವರು ಎಂದಿನಂತೆ ಹೇಳಿ ಕಳಿಸಿದರು. "ನನ್ನ ಕೈಲಿ ಆಗಲಿಲ್ಲಮ್ಮ, ಹೆತ್ತವಳ ಬಾಯಿ" ಅಂತ ಅತ್ತಿಗೆಯ ಹತ್ತಿರ ಹೇಳಿ ತೊಟ್ಟಿಗೆ ಇಳಿದರು.

ಇನ್ನೂ ಸ್ವಲ್ಪ ದಿನಕ್ಕೆ ಉಡುಪು ಭತ್ಯೆ ಕಚೇರಿಯ ಗೋಡೆಯ ಮೇಲೆ ಹೊಸ ಆದೇಶ ಅಂಟಿಸಿದರು. ನಾನು ಡೈರಿಗೆ ಹೋಗುವ ದಾರಿಯಲ್ಲಿ ಓದಿದೆ. ಹೊರದೇಶಗಳಲ್ಲಿ ಇತ್ತೀಚೆಗೆ ಚಳಿ ಹೆಚ್ಚಾಗಿರುವುದು ಸರ್ಕಾರದ ಗಮನಕ್ಕೆ ಬಂದಿರುತ್ತದೆ, ಆದ್ದರಿಂದ ಅಧಿಕಾರಿಗಳ ಉಡುಪು ಭತ್ಯೆಯನ್ನು ತಕ್ಷಣದಿಂದ ಹೆಚ್ಚಿಸಲಾಗಿದೆ, ಕೋಟಿಗೆ ಎರಡು ಪದರ ಉಣ್ಣೆ ಇಡುವುದು ಕಡ್ಡಾಯ, ಮೆಸ್ಸಿನ ಸೋಫಾಗಳಲ್ಲಿರುವ ಉಣ್ಣೆಯನ್ನು ಕೂಡಲೇ ವಾಪಸ್ ಪಡೆಯತಕ್ಕದ್ದು. ಹೆಚ್ಚಾಗಿರುವುದು! ಇಷ್ಟು ವರ್ಷ ನಮ್ಮತ್ತಿಗೆ ನಡುಗಿದ್ದು ಹೆಚ್ಚಿನ ಚಳಿಯಲ್ಲವಂತೆ. ಒಬ್ಬ ಮೇಜರಿಗೆ ನಾಲ್ಕು ದಿನ ಹಲ್ಲು ಕಟಕಟಿಸಿದ್ದೇ ತಡ, ಗುಡ್ಡಗಳ ಹವೆಯೇ ಬದಲಾಗಿ ಹೋಗಿತ್ತು. ನಾನು ನೇರ ಒಳಗೆ ಹೋಗಿ ಸೋಮನಾಥಯ್ಯನವರನ್ನು ಕೇಳಿದೆ. ಅವರು ಸಂತೋಷದಿಂದಲೇ ಹೇಳಿದರು. "ನಿಮ್ಮಣ್ಣನೇ ಫೋನ್ ಮಾಡಿದ್ರಮ್ಮ, ಹೋದ ಮಾರನೇ ದಿನವೇ. ಪಾಪ, ಮಾತಾಡೋಕೇ ಆಗ್ತಿರಲಿಲ್ಲ. ಅಂಥ ಅಧಿಕಾರಿ ಹೇಳಿದ ಮೇಲೆ ಮೇಲಿನೋರು ಸುಮ್ಮನಿರ್ತಾರಾ?"

ಮನೆಗೆ ಮಾಡುವ ಮೊದಲು ಕಚೇರಿಗೆ ಮಾಡಿದ್ದ. ಮನೆಗೆ ಅವನ ಫೋನ್ ಬಂದದ್ದು ಆದೇಶ ಅಂಟಿಸಿದ ಮೇಲೆ, ಒಂದು ಭಾನುವಾರ ಬೆಳಿಗ್ಗೆ. ಜಗುಲಿಯಲ್ಲಿ ಅತ್ತಿಗೆ ಹೋಟೆಲಿನವರ ಬೋರ್ಡಿಗೆ ಬಣ್ಣ ಹಾಕುತ್ತಿದ್ದರು. ಬ್ರಷ್ ಕೆಳಗಿಟ್ಟು ಓಡಿಬಂದು ಫೋನ್ ಎತ್ತಿಕೊಂಡರು. ಅವನು ಎಷ್ಟು ಜೋರಾಗಿ ಮಾತಾಡುತ್ತಿದ್ದ ಅಂದರೆ ನನಗೂ ಎಲ್ಲ ಕೇಳಿಸುತ್ತಿತ್ತು. ಹಲ್ಲಿನ ಸದ್ದೂ ಕೇಳಿಸುತ್ತಿತ್ತು.

"ನಳಿನಾ, ಸತ್ತೋಗ್ತೀನಿ ಕಣೇ. ಹೊಸ ಕೋಟು ಇನ್ನೂ ಬಂದಿಲ್ಲ. ಬೆರಳೆಲ್ಲ ಮರಗಟ್ಟಿದೆ."

ಅತ್ತಿಗೆಯ ಕಣ್ಣು ತುಂಬಿತು. "ಉಜ್ಜಬೇಡಿ, ಉಜ್ಜಿದ್ರೆ ಚರ್ಮ ಕಿತ್ತು ಬರುತ್ತೆ. ಕಂಕುಳಲ್ಲಿ ಇಟ್ಕೊಳ್ಳಿ. ಬೆಂಕಿ ಹತ್ರ ಒಮ್ಮೆಲೇ ಹೋಗಬೇಡಿ. ಕಾಲಿಗೆ ಪೇಪರ್ ಸುತ್ತಿ ಮೇಲೆ ಕಾಲುಚೀಲ ಹಾಕ್ಕೊಳ್ಳಿ" ಅಂತ ಒಂದೇ ಉಸಿರಿಗೆ ಹೇಳಿದರು. ಅವರು ತಾವು ಕಲಿತದ್ದನ್ನೆಲ್ಲ ಅವನಿಗೆ ಕೊಡುತ್ತಿದ್ದರು. ನನಗೆ ಅದನ್ನು ನೋಡಲಾಗಲಿಲ್ಲ, ಆದರೂ ಅಲ್ಲೇ ನಿಂತಿದ್ದೆ.

ಆಮೇಲೆ ಅವನ ದನಿ ಇಳಿಯಿತು. "ನಿಂಗೂ ಹೀಗೇ ಆಗ್ತಿತ್ತಾ?"

"ಹೂಂ" ಅಂದರು ಅತ್ತಿಗೆ.

"ಇಷ್ಟೂ ವರ್ಷ?"

"ಹೂಂ."

ಅತ್ತಿಗೆ ಫೋನನ್ನು ಕಿವಿಗೆ ಇನ್ನೂ ಹತ್ತಿರ ಒತ್ತಿಕೊಂಡರು. ಆ ಒಂದು ಗಳಿಗೆ ಅವರ ಮುಖ ಮದುವೆಯ ದಿನದ ಹಾಗೆ ಇತ್ತು.

"ಹಾಗಾದ್ರೆ ನಳಿನಾ, ಮುಂದಿನ ಸಲ ನೀನೇ ಹೇಳಿಬಿಡು" ಅಂದ ಅಣ್ಣ. "ನಿಂಗಾದ್ರೆ ಅಭ್ಯಾಸ ಇದೆ."

ಅವನು ಹಲೋ ಹಲೋ ಅನ್ನುತ್ತಿದ್ದ. ಅತ್ತಿಗೆ ಮೆಲ್ಲಗೆ, ಸದ್ದಾಗದ ಹಾಗೆ ಫೋನ್ ಇಟ್ಟರು. ಜಗುಲಿಗೆ ಹೋಗಿ ಬ್ರಷ್ ಎತ್ತಿಕೊಂಡು ಬಣ್ಣದಲ್ಲಿ ಅದ್ದಿದರು. ಫೋನಿನ ಸದ್ದು ಕೇಳಿದ್ದ ಜೈಬುನ್ನಿಸಾ ಆಪಾ ತೊಟ್ಟಿಯಿಂದಲೇ ಕೂಗಿ ಕೇಳಿದರು. "ಯಾರದ್ದಮ್ಮ ಫೋನು, ನಳಿನಾ?"

"ಯಾರೋ ಆಪಾ" ಅಂದರು ಅತ್ತಿಗೆ. "ಅಲ್ಲಿ ಚಳಿ ಅಂತೆ."